ಗುಮಾಸ್ತನೊಬ್ಬ ಓದಿದ ‘ಎ ಕ್ರಿಸ್‌ಮಸ್ ಕ್ಯಾರಲ್’: ಒಂದು ಅಗ್ಗದ ಪ್ರತಿಯ ಬಗ್ಗೆ

ಪದವಿ ಓದುತ್ತಿರುವ ಮಗಳಿಗೆಂದು ದಾವಣಗೆರೆಯ ಅಶೋಕ ರಸ್ತೆಯ ಪುಸ್ತಕದಂಗಡಿಯೊಂದರಲ್ಲಿ ಚಾರ್ಲ್ಸ್ ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರಲ್’ನ ಇಂಗ್ಲಿಷ್ ಪ್ರತಿಯನ್ನು 120 ರೂಪಾಯಿಗೆ ಕೊಂಡು ತಂದೆ. ಅವಳಿಗಿಂತ ಮೊದಲು ನಾನೇ ಓದಿ ಮುಗಿಸಿದೆ. ಮಂಡಿಪೇಟೆಯ ದಲಾಲಿ ಅಂಗಡಿಯಲ್ಲಿ 22 ವರ್ಷಗಳಿಂದ ಕಿರ್ದಿ, ಖಾತೆ ಬರೆಯುತ್ತಿರುವ ನನಗೆ ಈ ಕಥೆಯ ಕ್ರಿಸ್‌ಮಸ್ ಮೊದಲು ಕಂಡದ್ದು ಸಂಬಳ ಸಹಿತ ಒಂದು ದಿನದ ರಜೆಯ ಪ್ರಶ್ನೆಯಾಗಿ.

ಲಂಡನ್ನಿನ ಜಿಪುಣ ವ್ಯಾಪಾರಿ ಸ್ಕ್ರೂಜ್ ತನ್ನ ಗುಮಾಸ್ತ ಬಾಬ್ ಕ್ರಾಚಿಟ್‌ಗೆ ಡಿಸೆಂಬರ್ 25ರ ರಜೆ ಕೊಡುವಾಗ, ಅದಕ್ಕೆ ಅರ್ಧ ಕ್ರೌನ್ (ಕ್ರೌನ್ ಎಂದರೆ ಐದು ಶಿಲಿಂಗಿನ ಆಗಿನ ಇಂಗ್ಲಿಷ್ ನಾಣ್ಯ) ಹಿಡಿದುಕೊಂಡರೆ ನಿನಗೆ ಅನ್ಯಾಯವಾಯಿತು ಎನ್ನುತ್ತೀಯೆ, ಕೆಲಸವಿಲ್ಲದ ದಿನಕ್ಕೆ ನಾನು ಸಂಬಳ ತೆರುವುದು ಮಾತ್ರ ನಿನಗೆ ಅನ್ಯಾಯವೆನಿಸುವುದಿಲ್ಲ ಎಂದು ಗೊಣಗುತ್ತಾನೆ. ಬಾಬ್‌ನ ವಾರದ ಸಂಬಳ 15 ಶಿಲಿಂಗ್. ಆರು ದಿನದ ಕೆಲಸಕ್ಕೆ ಭಾಗಿಸಿದರೆ ದಿನಕ್ಕೆ ಎರಡೂವರೆ ಶಿಲಿಂಗ್, ಅಂದರೆ ಪೈಸೆಯೂ ಹೆಚ್ಚುಕಡಿಮೆಯಿಲ್ಲದೆ ಅರ್ಧ ಕ್ರೌನ್. ಇಷ್ಟು ಕರಾರುವಾಕ್ಕಾಗಿ ಲೆಕ್ಕ ಹಾಕಿ ಬರೆದ ಮಾತಿಗೆ ಈ ಪ್ರತಿಯಲ್ಲಿ ಒಂದು ಸಾಲಿನ ಟಿಪ್ಪಣಿಯೂ ಇಲ್ಲ. ಶಿಲಿಂಗನ್ನು ಆಡುಮಾತಿನಲ್ಲಿ ‘ಬಾಬ್’ ಎನ್ನುತ್ತಿದ್ದರು; ಹೀಗಾಗಿ ಬಾಬ್ ಶನಿವಾರಕ್ಕೊಮ್ಮೆ ತನ್ನ ಹೆಸರಿನ 15 ಪ್ರತಿಗಳನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ ಎಂಬ ಮಾತು ಬರುತ್ತದೆ. ಅದನ್ನೂ ವಿವರಿಸದಿದ್ದರೆ ನಮ್ಮ ಊರಿನ ವಿದ್ಯಾರ್ಥಿಗೆ ಅದು ತಿಳಿಯುವುದಾದರೂ ಹೇಗೆ?

ಇದ್ದಲಿನ ಪೆಟ್ಟಿಗೆಯನ್ನು ಸ್ಕ್ರೂಜ್ ತನ್ನ ಕೋಣೆಯಲ್ಲೇ ಇಟ್ಟುಕೊಂಡಿರುತ್ತಾನೆ. ಗುಮಾಸ್ತನ ಒಲೆಯಲ್ಲಿ ಒಂದೇ ಕೆಂಡ ಇರುವಂತೆ ತೋರುತ್ತದೆ. ಅವನು ಕುತ್ತಿಗೆಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡು ಮೇಣದ ಬತ್ತಿಯಲ್ಲಿ ಮೈ ಕಾಯಿಸಿಕೊಳ್ಳಲು ನೋಡುತ್ತಾನೆ. ಸತ್ತ ಪಾಲುದಾರ ಮಾರ್ಲಿಯ ಭೂತ ಬಂದಾಗ ಅದರ ಸೊಂಟಕ್ಕೆ ಸುತ್ತಿದ ಸರಪಳಿಯಲ್ಲಿ ಹಣದ ಪೆಟ್ಟಿಗೆ, ಬೀಗ, ಬೀಗದ ಕೈಗಳ ಜೊತೆಗೆ ಲೆಕ್ಕದ ಪುಸ್ತಕಗಳೂ ತೂಗುತ್ತಿರುತ್ತವೆ. ದೀಪಾವಳಿ ಅಮಾವಾಸ್ಯೆಯ ಸಂಜೆ ಹೊಸ ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಲಕ್ಷ್ಮಿಯ ಮುಂದಿಡುವವನು ನಾನು. ಅದೇ ಪುಸ್ತಕ ಸತ್ತವನ ಸೊಂಟಕ್ಕೆ ಜೋತುಬಿದ್ದ ಆ ಪುಟವನ್ನು ಎರಡು ಸಲ ಓದಿದೆ. ನಮ್ಮ ಸಾಹುಕಾರರು ಹಬ್ಬಕ್ಕೆ ರಜೆಯನ್ನೂ ಬೋನಸ್ಸನ್ನೂ ತಪ್ಪದೆ ಕೊಡುವವರೆಂದು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ.

ಈ ಕಥೆಯ ಕ್ರಿಸ್‌ಮಸ್ ಹಬ್ಬದಲ್ಲಿ ಪೂಜೆ, ಪ್ರಾರ್ಥನೆಯ ವರ್ಣನೆ ಕಡಿಮೆ. ಕ್ರಾಚಿಟ್ ಮನೆಯವರು ಹೆಬ್ಬಾತನ್ನು ಬೇಕರಿಯವನ ಒಲೆಯಲ್ಲಿ ಬೇಯಿಸಿ ತರುತ್ತಾರೆ, ಕಡುಬಿನಂತಹ ಪುಡ್ಡಿಂಗನ್ನು ಬಟ್ಟೆಯಲ್ಲಿ ಕಟ್ಟಿ ಹಂಡೆಯಲ್ಲಿ ಬೇಯಿಸುತ್ತಾರೆ, ಅದು ಅಷ್ಟು ದೊಡ್ಡ ಸಂಸಾರಕ್ಕೆ ಚಿಕ್ಕದೆಂದು ಯಾರೂ ಬಾಯಿ ಬಿಡುವುದಿಲ್ಲ. ಬಡತನದ ಮನೆಯಲ್ಲಿ ಹಬ್ಬದ ಅಡುಗೆಯನ್ನು ಕಂಡವರಿಗೆ ಆ ಸುಮ್ಮನಿರುವಿಕೆ ಚೆನ್ನಾಗಿ ಗೊತ್ತು. ಬಡವರಿಗೆ ಸಹಾಯ ಕೇಳಲು ಬಂದವರನ್ನು ಸ್ಕ್ರೂಜ್ ‘ಜೈಲುಗಳಿಲ್ಲವೇ, ದುಡಿಮೆಯ ಮನೆಗಳಿಲ್ಲವೇ’ ಎಂದು ಕೇಳಿ ಕಳಿಸುತ್ತಾನೆ. ನಿರ್ಗತಿಕರನ್ನು ಇಂತಹ ದುಡಿಮೆಯ ಮನೆಗಳಲ್ಲಿ ಇರಿಸಿ ಕೆಲಸ ಮಾಡಿಸುತ್ತಿದ್ದ ಇಂಗ್ಲೆಂಡಿನ 1834ರ ಬಡವರ ಕಾನೂನಿನ ಹಿನ್ನೆಲೆಯನ್ನು ಈ ಪ್ರತಿಯ ಟಿಪ್ಪಣಿ ಅಚ್ಚುಕಟ್ಟಾಗಿ ತಿಳಿಸುತ್ತದೆ, ಮತ್ತು ಇಡೀ ಟಿಪ್ಪಣಿ ಭಾಗದಲ್ಲಿ ನನಗೆ ಮೆಚ್ಚುಗೆಯಾದದ್ದು ಅದೊಂದೇ.

ಮುದ್ರಣದ ವಿಷಯದಲ್ಲಿ ನನಗೆ ಬೇಸರವಿದೆ. ಕ್ಯಾರಲ್ ಎಂದರೆ ಹಬ್ಬದ ಹಾಡಾದ್ದರಿಂದ ಡಿಕನ್ಸ್ ಐದು ಭಾಗಗಳನ್ನು ‘ಸ್ಟೇವ್’ ಎಂದು, ಅಂದರೆ ನಮ್ಮ ದಾಸರ ಪದಗಳ ‘ನುಡಿ’ಯ ಹಾಗೆ ಕರೆದಿದ್ದ, ಇಲ್ಲಿ ಅವನ್ನು ‘ಚಾಪ್ಟರ್’ ಎಂದು ತಿದ್ದಿಬಿಟ್ಟಿದ್ದಾರೆ. ಮೊದಲ ಮುದ್ರಣದಲ್ಲಿ ಜಾನ್ ಲೀಚ್ ಬರೆದ ಎಂಟು ಚಿತ್ರಗಳಿದ್ದವು, ಅವುಗಳಲ್ಲಿ ನಾಲ್ಕಕ್ಕೆ ಕೈಯಿಂದಲೇ ಬಣ್ಣ ಹಾಕಿದ್ದರು. ಈ ಪ್ರತಿಯಲ್ಲಿ ಉಳಿದಿರುವುದು ಮೂರು, ಅವೂ ಮಸಿ ಮೆತ್ತಿದಂತಿವೆ. ಅಕ್ಷರ ತೀರ ಸಣ್ಣದು. 1843ರ ಡಿಸೆಂಬರ್ 19ರಂದು 5 ಶಿಲಿಂಗ್ ಬೆಲೆಗೆ ಹೊರಬಂದ ಆ ಮೊದಲ ಮುದ್ರಣದ 6000 ಪ್ರತಿಗಳು ಕ್ರಿಸ್‌ಮಸ್ ಮುನ್ನಾದಿನದ ಹೊತ್ತಿಗೆ ಮಾರಾಟವಾಗಿದ್ದವು. ಬಾಬ್ ಒಂದು ಪ್ರತಿ ಕೊಳ್ಳಬೇಕಿದ್ದರೆ ವಾರದ ಸಂಬಳದ ಮೂರನೇ ಒಂದು ಪಾಲು ತೆರಬೇಕಾಗುತ್ತಿತ್ತು. ಇಂದು 120 ರೂಪಾಯಿಗೆ ಸಿಗುವುದು ಒಳ್ಳೆಯದೇ, ಆದರೆ ಆ ಬೆಲೆಯಲ್ಲೂ ಎರಡು ಪುಟ ಹೆಚ್ಚು ಟಿಪ್ಪಣಿ ಹಾಕಬಹುದಿತ್ತು.

ಅಂಗಡಿಯವರು ನಿಧಾನವಾಗಿ ಪುಟ ತಿರುಗಿಸಿ ನೋಡಲು ಬಿಟ್ಟರು, ದೊಡ್ಡ ಅಕ್ಷರದ, ಚಿತ್ರಗಳೆಲ್ಲ ಇರುವ ಪ್ರತಿಯನ್ನು ತರಿಸಿಕೊಡುವುದಾಗಿಯೂ ಹೇಳಿದರು. ನಲವತ್ತು ದಾಟಿದವರು ಅದನ್ನೇ ಕೇಳಿ ಕೊಳ್ಳುವುದು ಲೇಸು. ನಾನೂ ಒಂದಕ್ಕೆ ಮುಂಗಡ ಕೊಟ್ಟಿದ್ದೇನೆ. ಈ ಸಣ್ಣ ಅಕ್ಷರದ್ದು ಮಗಳ ಹತ್ತಿರವೇ ಇರುತ್ತದೆ, ಅರ್ಧ ಕ್ರೌನಿನ ಲೆಕ್ಕವನ್ನು ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದು ಕೊಟ್ಟಿದ್ದೇನೆ.