ಕ್ಲೇಮ್ಸ್ ಕ್ರೇಟ್: ಎರಡೂವರೆ ವರ್ಷ ಬಳಸಿದ ಮೇಲೆ

ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿರುವ ನಮ್ಮ ಪ್ರಾಜೆಕ್ಟ್‌ನಲ್ಲಿ ಒಂದು ಟೆಸ್ಟ್ ಐದು ತಿಂಗಳು ಸುಮ್ನೆ ಪಾಸಾಗುತ್ತಲೇ ಇತ್ತು. ಕಾನ್ಫಿಗ್ ಫೈಲ್‌ನಲ್ಲಿ ಒಂದು ಸಾಲು ಕೆಟ್ಟಿದ್ದರೆ ನಮ್ಮ ಫಂಕ್ಷನ್ ಎರರ್ ಕೊಡಬೇಕು, ಅದನ್ನು ನೋಡುವ ಟೆಸ್ಟ್ ಅದು. ರಸ್ಟ್‌ನಲ್ಲಿ ಸೋಲಬಹುದಾದ ಫಂಕ್ಷನ್ 'ರಿಸಲ್ಟ್' ಕೊಡುತ್ತದೆ: ಗೆದ್ದರೆ 'ಓಕೆ' ಒಳಗೆ ಮೌಲ್ಯ, ಸೋತರೆ 'ಎರ್' ಒಳಗೆ ಎರರ್. ಕೊನೆಯ ಸಾಲಿನಲ್ಲಿ 'ಈಸ್ ಎರ್', ಅಂದರೆ ಬಂದದ್ದು ಎರರಾ, ಅಂತ ಮಾತ್ರ ಕೇಳಿ ಬಿಟ್ಟಿದ್ದೆ. ನಡುವೆ ಯಾವಾಗಲೋ ಆ ಸ್ಯಾಂಪಲ್ ಫೈಲ್ ಬೇರೆ ಫೋಲ್ಡರ್‌ಗೆ ಹೋಗಿತ್ತು. ಅಲ್ಲಿಂದ ಮುಂದೆ ಬರುತ್ತಿದ್ದದ್ದು 'ಫೈಲ್ ಸಿಗಲಿಲ್ಲ' ಅನ್ನುವ ಎರರ್. ಟೆಸ್ಟ್‌ಗೆ ಅದೂ ಎರರೇ ಅಲ್ವಾ? ಪಾಸ್. ಕೆಟ್ಟ ಸಾಲನ್ನು ಓದುವ ಕೋಡ್ ಅಷ್ಟು ದಿನ ಒಮ್ಮೆಯೂ ಓಡಿರಲಿಲ್ಲ.

ಇದು ಗೊತ್ತಾದ ವಾರವೇ ಟೆಸ್ಟ್ ಬರೆಯಲು ನೆರವಾಗುವ ಕ್ಲೇಮ್ಸ್ ಕ್ರೇಟ್ ಹಾಕಿಕೊಂಡೆ (ರಸ್ಟ್‌ನಲ್ಲಿ ಲೈಬ್ರರಿಗೆ ಕ್ರೇಟ್ ಅಂತಾರೆ). ಮೊದಲಿದ್ದ ಕ್ಲೇಮ್ ಕ್ರೇಟ್‌ಗೆ ಅಪ್‌ಡೇಟ್ ನಿಂತುಹೋದಾಗ ಅದರಿಂದ ಫೋರ್ಕ್ ಆಗಿ, ಅಂದರೆ ಅದರ ಕೋಡ್‌ನ ನಕಲಿನಿಂದ ಬೇರೆಯಾಗಿ, ಬಂದದ್ದು ಇದು. ಟೆಸ್ಟ್‌ಗೆ ಮಾತ್ರ ಬೇಕಾದ್ದರಿಂದ ಡೆವ್ ಡಿಪೆಂಡೆನ್ಸಿಯಾಗಿ ಸೇರಿಸಿದರೆ ಸಾಕು.

ದಿನಾ ಬಳಸುವುದು ಇದರ ಮೂರು ಮ್ಯಾಕ್ರೋಗಳನ್ನು (ಫಂಕ್ಷನ್‌ನಂತೆ ಕರೆಯುವ ಸಿದ್ಧ ಕೋಡ್): 'ಅಸರ್ಟ್ ಓಕೆ', 'ಅಸರ್ಟ್ ಎರ್' ಮತ್ತು 'ಅಸರ್ಟ್ ಓಕೆ ಈಕ್ಯು'. ರಸ್ಟ್‌ನದೇ ಬರೀ 'ಅಸರ್ಟ್' ಒಳಗೆ 'ಈಸ್ ಓಕೆ' ಇಟ್ಟರೆ, ಟೆಸ್ಟ್ ಬಿದ್ದಾಗ ನಾವು ಬರೆದ ಅದೇ ಸಾಲು ತಿರುಗಿ ಕಾಣಿಸುತ್ತದೆ. ಒಳಗೆ ಯಾವ ಎರರ್ ಇತ್ತು ಅನ್ನುವುದು ಗೊತ್ತಾಗುವುದೇ ಇಲ್ಲ. ಆಮೇಲೆ ಪ್ರಿಂಟ್ ಹಾಕಿ ಮತ್ತೆ ಓಡಿಸಬೇಕು. 'ಅಸರ್ಟ್ ಓಕೆ' ಆದರೆ 'ಓಕೆ ಬರಬೇಕಿತ್ತು, ಈ ಎರ್ ಬಂತು' ಅಂತ ಎರರ್ ಸಮೇತ ಹೇಳುತ್ತದೆ. ರಾತ್ರಿ ಸಿಐ ಸರ್ವರ್‌ನಲ್ಲಿ (ಟೆಸ್ಟ್‌ಗಳನ್ನು ತಾನೇ ಓಡಿಸುವ ಯಂತ್ರ) ಬಿದ್ದ ಟೆಸ್ಟ್‌ನ ಲಾಗ್ ಬೆಳಿಗ್ಗೆ ಓದುವಾಗ ಇದರ ಬೆಲೆ ಗೊತ್ತಾಗುತ್ತದೆ.

ಓಕೆ ಒಳಗಿನದನ್ನು ತೆಗೆದುಕೊಡುವ ರಸ್ಟ್‌ನದೇ 'ಅನ್‌ರ್ಯಾಪ್' ಕೂಡ ಎರರ್ ತೋರಿಸುತ್ತದೆ, ಸಾಲಿನ ನಂಬರ್ ಕೂಡ ಕೊಡುತ್ತದೆ. ಹಾಗಾಗಿ 'ಅಸರ್ಟ್ ಓಕೆ' ಒಂದಕ್ಕಾಗಿ ಈ ಕ್ರೇಟ್ ತರಬೇಕಿಲ್ಲ. ನನಗೆ ಸಿಕ್ಕ ಲಾಭ ಓದುವಾಗಿನದು. ಟೆಸ್ಟ್‌ನಲ್ಲಿ 'ಅನ್‌ರ್ಯಾಪ್' ಕಂಡರೆ ಅದು ತಯಾರಿಯ ಹೆಜ್ಜೆ, 'ಅಸರ್ಟ್ ಓಕೆ' ಕಂಡರೆ ಅದೇ ಪರೀಕ್ಷೆ. ನಮ್ಮ ತಂಡದಲ್ಲಿ ಈ ವ್ಯತ್ಯಾಸ ಇಟ್ಟುಕೊಂಡ ಮೇಲೆ ಕೋಡ್ ರಿವ್ಯೂ ಸಲೀಸಾಯಿತು. ರಸ್ಟ್‌ನ 1.28ನೇ ಆವೃತ್ತಿಯಿಂದ ಟೆಸ್ಟ್ ಫಂಕ್ಷನ್ನೇ ರಿಸಲ್ಟ್ ವಾಪಸ್ ಕೊಡಬಹುದು, ಎರರ್ ಬಂದರೆ ಅದನ್ನು ಹಾಗೇ ವಾಪಸ್ ಕಳಿಸುವ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಬಹುದು. ಬರೆಯಲು ಚೆನ್ನ. ಆದರೆ ಟೆಸ್ಟ್ ಬಿದ್ದರೆ ಯಾವ ಸಾಲಿನಲ್ಲಿ ಅಂತ ಹೇಳುವುದಿಲ್ಲ. ಹತ್ತು ಹೆಜ್ಜೆಯ ಟೆಸ್ಟ್‌ನಲ್ಲಿ ಅದು ದೊಡ್ಡ ಕಷ್ಟ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು 'ಅಸರ್ಟ್ ಎರ್'. ಒಂದು ಮಾತು ಇಲ್ಲಿ ಒತ್ತಿ ಹೇಳಬೇಕು. ಅದನ್ನು ಒಂಟಿಯಾಗಿ ಬಳಸಿದರೆ 'ಈಸ್ ಎರ್'ನಷ್ಟೇ ಸಡಿಲ. ನನ್ನ ಆ ಹಳೇ ಟೆಸ್ಟ್ ಇದರಲ್ಲೂ ಪಾಸಾಗುತ್ತಿತ್ತು. ಆದರೆ ಅದು ಒಳಗಿನ ಎರರ್ ತೆಗೆದು ಕೈಗೆ ಕೊಡುತ್ತದೆ. ಅದನ್ನು ಹಿಡಿದು ಮುಂದಿನ ಸಾಲಿನಲ್ಲಿ ಯಾವ ಬಗೆಯ ಎರರ್ ಅಂತ ನೋಡಲೇಬೇಕು. ಫಂಕ್ಷನ್ ಗೆದ್ದರೆ ಬರುವ ಮೌಲ್ಯವನ್ನು ಎಲ್ಲರೂ ಹೋಲಿಸುತ್ತಾರೆ. ಸೋಲಿಗೆ ನೂರು ಕಾರಣ ಇರಬಹುದು, ಅಲ್ಲೇ ನಾವು 'ಸೋತರೆ ಸಾಕು' ಅಂದುಬಿಡುತ್ತೇವೆ.

ಒಂದು ಚಿಕ್ಕ ಉದಾಹರಣೆ. '256' ಅನ್ನುವ ಪಠ್ಯವನ್ನು ಯು8 ಸಂಖ್ಯೆಯಾಗಿ (0ಯಿಂದ 255ರವರೆಗಿನದು) ಪಾರ್ಸ್ ಮಾಡಿದರೆ, ಅಂದರೆ ಓದಿ ಬದಲಿಸಿದರೆ, 'ಪಾಸ್ ಓವರ್‌ಫ್ಲೋ' ಎರರ್ ಬರುತ್ತದೆ. ಇಲ್ಲಿ 'ಪಾಸ್' ಅಂದರೆ ಪಾಸಿಟಿವ್, ಸಂಖ್ಯೆ ಮಿತಿಗಿಂತ ದೊಡ್ಡದು ಅಂತ. '-1' ಕೊಟ್ಟರೆ? ನಾನು 'ನೆಗ್ ಓವರ್‌ಫ್ಲೋ' (ಮಿತಿಗಿಂತ ಚಿಕ್ಕದು) ಅಂದುಕೊಂಡಿದ್ದೆ. ಬರುವುದು 'ಇನ್‌ವ್ಯಾಲಿಡ್ ಡಿಜಿಟ್' (ತಪ್ಪು ಅಂಕಿ). ಚಿಹ್ನೆ ಇಲ್ಲದ ಸಂಖ್ಯೆಗೆ ಮೈನಸ್ ಕೂಡ ಒಂದು ತಪ್ಪು ಅಕ್ಷರ ಅಷ್ಟೇ. ಬಳಕೆದಾರರಿಗೆ ತೋರಿಸುವ ಸಂದೇಶ ಇದರ ಮೇಲೆ ನಿಂತಿತ್ತು. ಎರರ್‌ನ 'ಕೈಂಡ್' (ಬಗೆ) ನೋಡದೇ ಇದ್ದಿದ್ದರೆ ತಪ್ಪು ಸಂದೇಶವೇ ಹೊರಗೆ ಹೋಗುತ್ತಿತ್ತು.

'ಕೈಂಡ್' ನೋಡುವ ಅಭ್ಯಾಸ ಐಓ ಎರರ್‌ಗಳಿಗಂತೂ (ಫೈಲ್ ಓದುವಾಗ, ಬರೆಯುವಾಗ ಬರುವಂಥವು) ಬೇಕೇ ಬೇಕು. ಅವುಗಳನ್ನು ಎರಡು ಮೌಲ್ಯ ಸಮವೇ ಅಂತ ನೋಡುವ 'ಅಸರ್ಟ್ ಈಕ್ಯು'ನಲ್ಲಿ ನೇರವಾಗಿ ಹೋಲಿಸಲು ಬರುವುದಿಲ್ಲ, ಹೋಲಿಕೆಗೆ ಬೇಕಾದ 'ಪಾರ್ಶಿಯಲ್ ಈಕ್ಯು' ಗುಣ ಅವುಗಳಿಗಿಲ್ಲ. ಅದೇ ಕಾರಣಕ್ಕೆ 'ಅಸರ್ಟ್ ಓಕೆ ಈಕ್ಯು' ಇಷ್ಟ. ಅದು ಓಕೆ ಒಳಗಿನ ಮೌಲ್ಯವನ್ನು ಮಾತ್ರ ಹೋಲಿಸುತ್ತದೆ, ಎರರ್ ಟೈಪ್ ಹೋಲಿಕೆಗೆ ಬಾರದಿದ್ದರೂ ಚಿಂತೆಯಿಲ್ಲ. ಹಲವು ಫೀಲ್ಡ್ ಇರುವ ಎನಮ್ (ಹಲವು ಬಗೆಗಳಲ್ಲಿ ಒಂದಾಗಬಲ್ಲ ಟೈಪ್) ಎರರ್ ಆದರೆ, ಬಗೆ ಹೊಂದುತ್ತದಾ ಅಂತಷ್ಟೇ ನೋಡುವ ಇದೇ ಕ್ರೇಟ್‌ನ 'ಅಸರ್ಟ್ ಮ್ಯಾಚಸ್' ಹಿಡಿಯುತ್ತೇನೆ.

ತೊಂದರೆಗಳೂ ಇವೆ. 'ಅಸರ್ಟ್ ಎರ್'ಗೆ ಓಕೆ ಒಳಗಿನ ಟೈಪ್‌ಗೆ 'ಡೀಬಗ್' (ಒಳಗಿರುವುದನ್ನು ಪಠ್ಯವಾಗಿ ತೋರಿಸುವ ಗುಣ) ಇರಲೇಬೇಕು, ಯಾಕೆಂದರೆ ಫಂಕ್ಷನ್ ಅನಿರೀಕ್ಷಿತವಾಗಿ ಗೆದ್ದರೆ ಅದು ಮೌಲ್ಯವನ್ನು ತೋರಿಸಬೇಕಲ್ಲ. ಪಾಸ್‌ವರ್ಡ್ ಇರುವ ಸ್ಟ್ರಕ್ಟ್‌ಗೆ (ಹಲವು ಫೀಲ್ಡ್‌ಗಳ ಟೈಪ್) ನಾವು ಬೇಕೆಂದೇ 'ಡೀಬಗ್' ಕೊಟ್ಟಿರಲಿಲ್ಲ. ಕೊನೆಗೆ ಗುಟ್ಟಿನ ಫೀಲ್ಡ್ ಮರೆಮಾಚುವ 'ಡೀಬಗ್' ಕೈಯಾರೆ ಬರೆದೆವು. ಟೆಸ್ಟ್ ಅನುಕೂಲಕ್ಕಾಗಿ 'ಡೀಬಗ್' ಅನ್ನು ಸುಮ್ನೆ ಡಿರೈವ್ ಮಾಡಬೇಡಿ (ಕಂಪೈಲರ್‌ನಿಂದ ತಾನಾಗಿ ಬರೆಸಬೇಡಿ), ದಯವಿಟ್ಟು.

ಇನ್ನೊಂದು, ಈ ಮ್ಯಾಕ್ರೋಗಳನ್ನು ನಮ್ಮದೇ ಹೆಲ್ಪರ್ ಫಂಕ್ಷನ್ ಒಳಗೆ ಇಟ್ಟರೆ ಸಂದೇಶ ಹೆಲ್ಪರ್‌ನ ಸಾಲನ್ನೇ ತೋರಿಸುತ್ತದೆ. ಎಂಟು ಟೆಸ್ಟ್ ಅದನ್ನೇ ಕರೆದರೆ ಬಿದ್ದ ಜಾಗ ಹುಡುಕುವುದು ಕಷ್ಟ. ಹೆಲ್ಪರ್ ಮೇಲೆ 'ಟ್ರ್ಯಾಕ್ ಕಾಲರ್' ಆಟ್ರಿಬ್ಯೂಟ್ (ಕಂಪೈಲರ್‌ಗೆ ಕೊಡುವ ಸೂಚನೆ) ಹಾಕಿದ ಮೇಲೆ ಕರೆದ ಸಾಲಿನ ನಂಬರ್ ಬರತೊಡಗಿತು. ನಮ್ಮ ಎಲ್ಲ ಹೆಲ್ಪರ್‌ಗಳಲ್ಲೂ ಈಗ ಅದಿದೆ.