ನೆರೆಗೆ ಕೂಡಿಡುವಾಗ: ಯಾವ ಕ್ಯಾನು, ಯಾವ ಅಕ್ಕಿ, ಯಾವ ಡಬ್ಬ

ಮಳೆಗಾಲಕ್ಕೆ ಕೂಡಿಡುವುದು ಕರಾವಳಿಗೆ ಹೊಸತಲ್ಲ. ಮೇ ತಿಂಗಳ ಬಿಸಿಲಿಗೆ ಹಪ್ಪಳ, ಸಂಡಿಗೆ, ಒಣಮೀನು. ಭರಣಿಯಲ್ಲಿ ಉಪ್ಪಿನ ಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ತೊಳೆ), ಮಿಡಿ ಉಪ್ಪಿನಕಾಯಿ. ಆದರೆ ಆ ದಾಸ್ತಾನೆಲ್ಲ ಬಾವಿಯೂ ಒಲೆಯೂ ಸರಿಯಾಗಿರುತ್ತವೆ ಎಂಬ ಲೆಕ್ಕದ್ದು. 2018ರ ಮೇ 29ರಂದು ಮಂಗಳೂರಿನಲ್ಲಿ, 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ಆದ ಹಾಗೆ ಮನೆಯೊಳಗೆ ನೀರು ನುಗ್ಗಿದರೆ ಮೊದಲು ಕೈಕೊಡುವುದು ಅವೆರಡೇ. ಹಾಗಾಗಿ ಇಲ್ಲಿ ಪ್ರತಿಯೊಂದನ್ನೂ ಮೂರು ರೀತಿಯಲ್ಲಿ ಪರೀಕ್ಷಿಸಿದ್ದೇವೆ: ಎಷ್ಟು ನೀರು ಬೇಕು, ಎಷ್ಟು ಗ್ಯಾಸ್ ಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಥಂಡಿಗೆ, ಅಂದರೆ ಗಾಳಿಯ ತೇವಕ್ಕೆ, ತಡೆಯುತ್ತದೆಯೇ. ಲೆಕ್ಕ ನಾಲ್ಕು ಜನರ ಮನೆಗೆ, ಮೂರು ದಿನಕ್ಕೆ.

ನೀರು

ಕುಡಿಯಲು, ಅಡುಗೆಗೆ, ಕೈಬಾಯಿ ತೊಳೆಯಲು ಒಬ್ಬರಿಗೆ ದಿನಕ್ಕೆ 4 ಲೀಟರ್ ಅಂದರೂ 48 ಲೀಟರ್ ಆಯಿತು. 60 ಇಟ್ಟುಕೊಳ್ಳಿ.

ಅಂಗಡಿಯ 20 ಲೀಟರಿನ ಕ್ಯಾನು ಸೀಲ್ ಇರುವ ತನಕ ಒಳ್ಳೆಯದೇ. ಸೀಲ್ ತೆಗೆದ ಮೇಲೆ ಮುಚ್ಚಳ ಬಿಗಿಯಾಗಿ ಕೂರುವುದಿಲ್ಲ, 20 ಕಿಲೊ ಭಾರವನ್ನು ವಯಸ್ಸಾದವರು ಬಗ್ಗಿಸಲಾರರು. ಕಿಟಕಿ ಪಕ್ಕ ಇಟ್ಟರೆ ಬೆಳಕು ಒಳಗೆ ಹೋಗಿ ಹಸಿರು ಪಾಚಿ ಕಟ್ಟುತ್ತದೆ. ಸ್ಟೀಲ್ ಕೊಡಪಾನ ದಿನಬಳಕೆಗೆ ಸರಿ. ತೆರೆದ ಬಾಯಿಗೆ ಪ್ರತಿಯೊಬ್ಬರೂ ಲೋಟ ಮುಳುಗಿಸುವುದರಿಂದ ಎರಡು ಮೂರು ದಿನಕ್ಕೆ ನೀರು ವಾಸನೆ ಬರುತ್ತದೆ. ನಮ್ಮ ಆಯ್ಕೆ, ತಿರುಗಣೆ ಮುಚ್ಚಳದ 10 ಲೀಟರಿನ ನೀಲಿ ಪ್ಲಾಸ್ಟಿಕ್ ಕ್ಯಾನು, ಆರು. ಒಂದೇ ಕೈಯಲ್ಲಿ ಅಟ್ಟಕ್ಕೆ ಏರಿಸಬಹುದು, ಬಾಯಿ ಕಿರಿದಾದ್ದರಿಂದ ಒಳಗೆ ಕೈ ಹೋಗುವುದಿಲ್ಲ, ಬೆಳಕೂ ಹೋಗುವುದಿಲ್ಲ. ಆಹಾರಕ್ಕೆ ತಕ್ಕದ್ದೆಂಬ ಗುರುತು ಇರುವುದನ್ನೇ ಕೊಳ್ಳಿ. ನಲ್ಲಿ ಇರುವ ಕ್ಯಾನಾದರೆ ನಲ್ಲಿಯನ್ನು ಬಳಸುವ ದಿನ ಮಾತ್ರ ಹಾಕಿ. ತಿಂಗಳುಗಟ್ಟಲೆ ಹಾಕಿಟ್ಟರೆ ವಾಷರಿನಿಂದ ತೊಟ್ಟಿಕ್ಕುತ್ತದೆ. ಎಣ್ಣೆಯ ಹಳೇ ಕ್ಯಾನು, ಹಾಲಿನ ಡಬ್ಬ ಬೇಡವೇ ಬೇಡ, ಎಷ್ಟು ತೊಳೆದರೂ ಜಿಡ್ಡು ಉಳಿಯುತ್ತದೆ.

ಮಂಗಳೂರಿಗೆ ತುಂಬೆ ಅಣೆಕಟ್ಟಿನಿಂದಲೋ ಉಡುಪಿಗೆ ಬಜೆ ಅಣೆಕಟ್ಟಿನಿಂದಲೋ ಬರುವ ನಗರದ ನಳ್ಳಿ ನೀರಿಗೆ ಮೊದಲೇ ಕ್ಲೋರಿನ್ ಹಾಕಿರುತ್ತಾರೆ. ತೊಳೆದ ಕ್ಯಾನಿಗೆ ನೇರ ತುಂಬಿ, ಆರು ತಿಂಗಳಿಗೊಮ್ಮೆ ಬದಲಿಸಿ: ಮೇ ಕೊನೆಗೆ ಒಮ್ಮೆ, ದೀಪಾವಳಿ ಕಳೆದು ಒಮ್ಮೆ. ಬಾವಿ ನೀರಾದರೆ ಪರಿಮಳ, ಬಣ್ಣ ಸೇರಿಸದ ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನು ಲೀಟರಿಗೆ 2 ಹನಿಯಂತೆ, ಒಂದು ಕ್ಯಾನಿಗೆ 20 ಹನಿ ಹಾಕಿ ಅರ್ಧ ಗಂಟೆ ಬಿಡಿ. ಆಮೇಲೂ ಕ್ಲೋರಿನ್ನಿನ ಸಣ್ಣ ವಾಸನೆ ಇರಬೇಕು. ಇಲ್ಲದಿದ್ದರೆ ಅಷ್ಟೇ ಹನಿ ಮತ್ತೊಮ್ಮೆ ಹಾಕಿ, ಇನ್ನೂ ಕಾಲು ಗಂಟೆ ಬಿಡಿ.

ಅಂಗಳದಲ್ಲಿ ಬಾವಿ ಇದೆ, ಕ್ಯಾನು ಯಾಕೆ ಎಂದು ಕೇಳುವವರಿದ್ದಾರೆ. ಪಂಪು ಹಾಕಿದ ಮೇಲೆ ಎಷ್ಟೋ ಮನೆಗಳಲ್ಲಿ ರಾಟೆಯನ್ನೇ ಬಿಚ್ಚಿದ್ದಾರೆ. ಕರೆಂಟ್ ಹೋದರೆ ಬಾವಿ ಇದ್ದೂ ಇಲ್ಲ. ರಾಟೆ, ಹಗ್ಗ, ಕೊಡಪಾನ ಇವತ್ತೇ ಸರಿ ಮಾಡಿಡಿ. ನೆರೆಯ ನೀರು ಬಾವಿಕಟ್ಟೆ ದಾಟಿತೆಂದರೆ ಅದು ಕುಡಿಯುವ ನೀರಲ್ಲ. ನೆರೆ ಇಳಿದ ಮೇಲೆ ಕೆಸರು ನೀರನ್ನು ಖಾಲಿ ಮಾಡಿ, ಹೊಸ ನೀರು ತಿಳಿಯಾದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಬೇಕು: 1,000 ಲೀಟರಿಗೆ ಒಳ್ಳೆಯ ಪೌಡರ್ 2.5 ಗ್ರಾಂ. ಎರಡೂವರೆ ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 14,700 ಲೀಟರ್, ಅಂದರೆ 37 ಗ್ರಾಂ. ಬಕೆಟಿನಲ್ಲಿ ಮೊದಲು ಸ್ವಲ್ಪ ನೀರು ಹಾಕಿ ಕಲಸಿ, ಮುಕ್ಕಾಲು ಬಕೆಟ್ ತುಂಬಿಸಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಕೊಡಪಾನದಿಂದ ಕಲಕಿ. ಅಡಿಯ ಸುಣ್ಣ ಹಾಕಬೇಡಿ. ಒಂದು ಗಂಟೆ ಕಳೆದು ಸೇದಬಹುದು. ಕುಡಿಯುವುದನ್ನು ಕುದಿಸಿಯೇ ಕುಡಿಯಿರಿ. ಕಳೆದ ವರ್ಷ ಒಡೆದ ಪೊಟ್ಟಣದ ಪೌಡರ್ ಥಂಡಿ ಎಳೆದು ಗಟ್ಟಿಯಾಗಿದ್ದರೆ ಅದರಲ್ಲಿ ಸತ್ವ ಉಳಿದಿರುವುದಿಲ್ಲ.

ಊಟ

ಕರೆಂಟ್ ಇಲ್ಲವೆಂದರೆ ಮಿಕ್ಸಿಯೂ ಇಲ್ಲ, ಗ್ರೈಂಡರೂ ಇಲ್ಲ. ಅರೆಯುವ ಪದಾರ್ಥವೆಲ್ಲ ಅಲ್ಲಿಗೇ ಬಿಟ್ಟಿತು.

ಮೊದಲ ದಿನಕ್ಕೆ ತೆಳು ಅವಲಕ್ಕಿಯನ್ನು ಮೀರಿಸುವುದು ಯಾವುದೂ ಇಲ್ಲ. ಬೆಂಕಿ ಬೇಡ. ಹೆರೆಮಣೆಯಲ್ಲಿ ಹೆರೆದ ಕಾಯಿ, ಬೆಲ್ಲ ಹಾಕಿ ಕೈಯಲ್ಲಿ ಹಿಸುಕಿದರೆ ಕಾಯಿಯ ಹಾಲಿಗೇ ಅವಲಕ್ಕಿ ಮೆತ್ತಗಾಗುತ್ತದೆ, ನೀರು ಚಿಮುಕಿಸಿದರೆ ಸಾಕು. ಸಿಪ್ಪೆ ಸುಲಿಯದ ತೆಂಗಿನಕಾಯಿ ಎಂಟು ಹತ್ತು ಅಟ್ಟದಲ್ಲಿರಲಿ, ಅದಕ್ಕಿಂತ ಗಟ್ಟಿ ಪ್ಯಾಕಿಂಗ್ ಬೇರೆ ಇಲ್ಲ. ಅವಲಕ್ಕಿಯ ದೋಷ ಒಂದೇ: ಪೊಟ್ಟಣ ಒಡೆದ ರಾತ್ರಿಯೇ ಥಂಡಿ ಎಳೆಯುತ್ತದೆ, ಕೆಲವೇ ವಾರದಲ್ಲಿ ಮುಗ್ಗಲು ವಾಸನೆ. ಎರಡು ಕಿಲೊದ ಒಂದು ಚೀಲದ ಬದಲು ಕಾಲು ಕಿಲೊದ ಎಂಟು ಪೊಟ್ಟಣ ತನ್ನಿ.

ಕುಚ್ಚಲಕ್ಕಿ ತೆರೆದ ಪಾತ್ರೆಯಲ್ಲಿ ಬೇಯಲು ಮುಕ್ಕಾಲು ಗಂಟೆಯಾದರೂ ಬೇಕು, ಬೆಳ್ತಿಗೆ ಅಕ್ಕಿಗೆ (ಕುಚ್ಚದ ಬಿಳಿ ಅಕ್ಕಿಗೆ) ಕಾಲು ಗಂಟೆ ಸಾಕು. ಗ್ಯಾಸ್ ಮಾತ್ರ ನೋಡಿದರೆ ಬೆಳ್ತಿಗೆ ಗೆದ್ದಿತು. ಆದರೂ ಎರಡೂ ಎರಡೆರಡು ಕಿಲೊ ಇಡಿ ಎನ್ನುತ್ತೇವೆ. ಕುಚ್ಚಲಕ್ಕಿಗೆ ಹಾಕಿದ ನೀರು ಹಾಳಾಗುವುದಿಲ್ಲ, ಗಂಜಿಯ ತಿಳಿಯಾಗಿ ಹೊಟ್ಟೆಗೇ ಹೋಗುತ್ತದೆ. ಜ್ವರ ಬಂದವರಿಗೆ, ಹೊಟ್ಟೆ ಕೆಟ್ಟವರಿಗೆ ಉಪ್ಪು ಹಾಕಿದ ಆ ತಿಳಿ ಎಷ್ಟು ಉಪಕಾರ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಗ್ಯಾಸ್ ಉಳಿಸಲು ಕಾಲು ಗಂಟೆ ಚೆನ್ನಾಗಿ ಕುದಿಸಿ, ಮುಚ್ಚಳ ತೆಗೆಯದೆ ಬಿಸಿ ಹಿಡಿದಿಡುವ ಥರ್ಮಲ್ ಕುಕ್ಕರಿನಲ್ಲಿ ಒಂದೂವರೆ ಗಂಟೆ ಇಡಿ. ಅದಿಲ್ಲದಿದ್ದರೆ ಬೈಹುಲ್ಲು ಒತ್ತಿ ತುಂಬಿದ ರಟ್ಟಿನ ಪೆಟ್ಟಿಗೆ, ಮೇಲೊಂದು ಹಳೇ ಕಂಬಳಿ. ಸ್ವಲ್ಪ ಹೆಚ್ಚು ಹೊತ್ತು ಬೇಕು, ಅಷ್ಟೇ.

ಒಣಮೀನು, ಉಪ್ಪಿನ ಸೊಳೆ ಬಾಳಿಕೆಯಲ್ಲಿ ಎಲ್ಲಕ್ಕಿಂತ ಮುಂದೆ. ನೆರೆಯ ದಿನಕ್ಕೆ ಮಾತ್ರ ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ: ಉಪ್ಪು ಬಿಡಿಸಲು ಎರಡು ಮೂರು ಸಲ ನೀರು ಬದಲಿಸಬೇಕು, ತಿಂದ ಮೇಲೆ ಬಾಯಾರಿಕೆ ಬೇರೆ. ನೂಡಲ್ಸ್ ಬೇಗ ಬೇಯುತ್ತದೆ, ಅದರಲ್ಲೂ ಉಪ್ಪು ಜಾಸ್ತಿ. ಎಣ್ಣೆಯಲ್ಲಿ ಕರಿದದ್ದಾದ್ದರಿಂದ ತಾರೀಕು ಮೀರಿದರೆ ಕಮಟು. ಮಕ್ಕಳಿಗೆಂದು ನಾಲ್ಕು ಪೊಟ್ಟಣ ಸಾಕು. ಹುರಿಗಡಲೆ, ನೆಲಗಡಲೆ ಒಂದೊಂದು ಕಿಲೊ, ಬೆಲ್ಲ ಒಂದು ಕಿಲೊ.

ಡಬ್ಬ

ಮೇಲಿಂದ ಒತ್ತಿ ಮುಚ್ಚುವ ಸ್ಟೀಲ್ ಡಬ್ಬ ಇಲಿಗೆ ತಡೆ, ಥಂಡಿಗೆ ಅಲ್ಲ. ರಬ್ಬರ್ ಉಂಗುರದ ತಿರುಗಣೆ ಮುಚ್ಚಳದ ಪ್ಲಾಸ್ಟಿಕ್ ಭರಣಿಯಲ್ಲಿ ಬೆಲ್ಲ ನಾಲ್ಕು ತಿಂಗಳಾದರೂ ನೀರೊಡೆಯಲಿಲ್ಲ. ಸ್ಟೀಲ್ ಡಬ್ಬದ್ದು ಜುಲೈಯಲ್ಲೇ ಅಂಟಂಟಾಗಿತ್ತು. ಆಮ್ಲಜನಕ ಹೀರುವ ಪೊಟ್ಟಣ ಹಾಕಿ ಸೀಲ್ ಮಾಡುವ ಬೆಳ್ಳಿಬಣ್ಣದ ಚೀಲಗಳು ಈಗ ಸಿಗುತ್ತವೆ. ಅದಕ್ಕೆ ಧಾನ್ಯದ ತೇವ ಶೇ. 10ರೊಳಗೆ ಇರಬೇಕು. ನಮ್ಮ ಕಡೆ ಅಂಗಡಿಯಿಂದ ತಂದ ಅಕ್ಕಿ ಅಷ್ಟು ಒಣಗಿರುವುದಿಲ್ಲ, ಮೂರು ದಿನದ ದಾಸ್ತಾನಿಗೆ ಅದರ ಅಗತ್ಯವೂ ಇಲ್ಲ.

ಎಲ್ಲವನ್ನೂ ಅಟ್ಟಕ್ಕೆ ಏರಿಸಿದ ಮೇಲೆ ಗ್ಯಾಸ್ ಸಿಲಿಂಡರನ್ನು ಮರೆಯಬೇಡಿ. ತುಂಬಿದ ಸಿಲಿಂಡರ್ ಕೂಡ ನೀರಿನಲ್ಲಿ ತೇಲುತ್ತದೆ, ತೇಲಿದರೆ ಪೈಪು ಕಿತ್ತುಕೊಂಡೇ ಹೋಗುತ್ತದೆ. ನೀರು ಮೆಟ್ಟಿಲಿಗೆ ಬಂತೆನ್ನುವಾಗಲೇ ರೆಗ್ಯುಲೇಟರ್ ತೆಗೆದು, ಕ್ಯಾಪ್ ಹಾಕಿ, ಕಿಟಕಿಯ ಸರಳಿಗೆ ನೆಟ್ಟಗೆ ನಿಲ್ಲಿಸಿ ಹಗ್ಗದಲ್ಲಿ ಬಿಗಿಯಿರಿ.