ಸೀಸದ ಗೊಂಬೆಗಳನ್ನು ಮರದ ಕಪಾಟಿನಲ್ಲಿ ಮುಚ್ಚಿಡುವ ಮುನ್ನ

ಬಾಲ್ಯದಿಂದ ಇಂದಿನವರೆಗೆ ನಾನು ಬಣ್ಣ ಹಚ್ಚುತ್ತ ಬಂದ ಲೋಹದ ಪುಟ್ಟ ಗೊಂಬೆಗಳಲ್ಲಿ ಅತ್ಯಂತ ಹಳೆಯವು ಹಾಳಾದದ್ದು, ಅವುಗಳ ರಕ್ಷಣೆಗೆಂದೇ ಮಾಡಿಸಿದ ಕಪಾಟಿನೊಳಗೆ. ಓಕ್ ಮರದ ಚೌಕಟ್ಟು, ಸಿಲಿಕೋನ್ ಸೀಲಂಟ್ ಹಾಕಿ ಕೂರಿಸಿದ ಗಾಜು, ಧೂಳು ನುಸುಳದಂತೆ ರಬ್ಬರ್ ಪಟ್ಟಿಯಿರುವ ಬಾಗಿಲು. ಸೀಸದ ಗೊಂಬೆಗಳನ್ನು ಇಡುವುದಕ್ಕೆ ಇದು ತಕ್ಕದ್ದೇ ಎಂದು ಕಪಾಟು ಮಾಡಿಕೊಟ್ಟವರನ್ನು ಕೇಳಿದ್ದಕ್ಕೆ, ಇಂಥ ಸಂಗ್ರಹಗಳಿಗೆಂದೇ ಮಾಡುವ ಕಪಾಟು ಇದು ಎಂಬ ಉತ್ತರ ಬಂದಿತ್ತು. ಬಾಗಿಲು ತೆರೆದಾಗಲೆಲ್ಲ ಮೂಗಿಗೆ ಬಡಿಯುತ್ತಿದ್ದ ವಿನೆಗರ್‌ನಂಥ ಹುಳಿ ವಾಸನೆಯ ಬಗ್ಗೆ ಕೇಳಿದಾಗ, ಅದು ಹೊಸ ಮರದ ವಾಸನೆ, ತಾನಾಗಿಯೇ ಹೋಗುತ್ತದೆ ಎಂದರು. ಆ ವಾಸನೆಯೇ ಗೊಂಬೆಗಳನ್ನು ತಿನ್ನುತ್ತಿತ್ತು.

ಮೊದಲು ಕಂಡದ್ದು 54 ಮಿಲಿಮೀಟರ್ ಎತ್ತರದ ಒಬ್ಬ ನಗಾರಿಯವನ ಮೇಲೆ. ನಗಾರಿಯ ಅಂಚಿನ ಕೆಳಗೆ, ಬಣ್ಣ ತೆಳುವಾಗಿದ್ದ ಕಡೆ, ಸಾಸಿವೆಗಿಂತ ಚಿಕ್ಕದಾದ ಬಿಳಿ ಚುಕ್ಕೆಯಿತ್ತು. ತೇವದ ಹವೆಯಲ್ಲಿ ಸಿಂಪಡಿಸಿದ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಮಂಜುಗಟ್ಟಿದರೂ ಬೆಳ್ಳಗೇ ಕಾಣುತ್ತದೆ. ಆದರೆ ಅದು ಪದರದೊಳಗಿನ ಮಸುಕು, ಉಜ್ಜಿದರೆ ಬರುವುದಿಲ್ಲ, ಮೇಲೊಂದು ಹೊಳಪಿನ ವಾರ್ನಿಷ್ ಹಚ್ಚಿದರೆ ಎಷ್ಟೋ ಸಲ ತಿಳಿಯಾಗುತ್ತದೆ. ಇದು ಹಾಗಿರಲಿಲ್ಲ. ಕಡ್ಡಿಯ ತುದಿ ತಾಗಿಸಿದೊಡನೆ ಬಿಳಿಯ ಹಿಟ್ಟು ಉದುರಿತು, ಅದರ ಜೊತೆಗೇ ಕೆಂಪು ಅಂಗಿಯ ಬಣ್ಣ ಹಕ್ಕಳೆಯಾಗಿ ಎದ್ದು ಬಂತು, ಅಡಿಯಲ್ಲಿ ಬೂದು ಲೋಹ ಗುಳಿಬಿದ್ದಿತ್ತು. ಪಕ್ಕದಲ್ಲಿದ್ದ ಸಿಪಾಯಿಯ ಬಂದೂಕಿನ ನಳಿಗೆ, ಮುಟ್ಟುವ ಮೊದಲೇ ಎಂಬಂತೆ, ಮುರಿದು ಬಿತ್ತು.

ನಡೆಯುವುದು ಇಷ್ಟು. ಮರದಿಂದ, ಅದರಲ್ಲೂ ಓಕ್‌ನಿಂದ, ಅಸಿಟಿಕ್ ಮತ್ತು ಫಾರ್ಮಿಕ್ ಆಮ್ಲಗಳ ಆವಿ ನಿಧಾನವಾಗಿ ಹೊರಬರುತ್ತಿರುತ್ತದೆ. ಪ್ಲೈವುಡ್ ಮತ್ತು ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ) ಹಲಗೆಗಳೂ ಈ ವಿಷಯದಲ್ಲಿ ಸಾಧುವಲ್ಲ, ಒಣಗುವಾಗ ವಿನೆಗರ್ ವಾಸನೆ ಬೀರುವ ಬಗೆಯ ಸಿಲಿಕೋನ್ ಅಂತೂ ನೇರವಾಗಿ ಅಸಿಟಿಕ್ ಆಮ್ಲವನ್ನೇ ಬಿಡುತ್ತದೆ. ಗಾಳಿಯಾಡದ ಕಪಾಟಿನಲ್ಲಿ ಈ ಆವಿ ದಟ್ಟವಾಗಿ, ತೇವಾಂಶದ ನೆರವಿನಿಂದ ಸೀಸವನ್ನು ಅಸಿಟೇಟ್ ಎಂಬ ಲವಣವಾಗಿ ಮಾಡುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅದನ್ನು ಬಿಳಿಯ ಕಾರ್ಬೊನೇಟ್ ಆಗಿ ಬದಲಿಸುವಾಗ ಆಮ್ಲ ಮತ್ತೆ ಬಿಡುಗಡೆಯಾಗಿ, ಉಳಿದ ಲೋಹದ ಮೇಲೆ ಎರಗುತ್ತದೆ. ಈ ಹಿಟ್ಟಿಗೆ ಲೋಹಕ್ಕಿಂತ ಹೆಚ್ಚು ಜಾಗ ಬೇಕಾಗುವುದರಿಂದ ಮೇಲಿನ ಬಣ್ಣ ಉಬ್ಬಿ ಸಿಡಿಯುತ್ತದೆ. ಹಿಂದೆ ಡಚ್ಚರು ಸೀಸದ ಸುರುಳಿಗಳನ್ನು ವಿನೆಗರ್ ಪಾತ್ರೆಗಳ ಮೇಲಿಟ್ಟು, ಸುತ್ತ ಸಗಣಿ ತುಂಬಿಸಿ, ಚಿತ್ರಕಾರರಿಗೆ ಬೇಕಾದ ಬಿಳಿ ವರ್ಣದ್ರವ್ಯವನ್ನು ತಯಾರಿಸುತ್ತಿದ್ದದ್ದೂ ಇದೇ ಕ್ರಿಯೆಯಿಂದ. ದುಡ್ಡು ಕೊಟ್ಟು ನಾನು ಮನೆಗೆ ತಂದದ್ದು ಅಂಥದೊಂದು ಪುಟ್ಟ ಕಾರ್ಖಾನೆಯನ್ನು.

ಪ್ಲಾಸ್ಟಿಕ್, ರೆಸಿನ್ ಗೊಂಬೆಗಳಿಗೆ ಈ ಭಯವಿಲ್ಲ. ತವರವೇ ಹೆಚ್ಚಾಗಿರುವ ಸೀಸರಹಿತ ಮಿಶ್ರಲೋಹವಾದ ಪ್ಯೂಟರ್‌ಗೂ ಇಲ್ಲ. ಆದರೆ 1893ರಲ್ಲಿ ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿ ಆರಂಭಿಸಿದ ಟೊಳ್ಳು ಎರಕದ ಸಿಪಾಯಿಗಳಿಂದ ಹಿಡಿದು, 1980ರ ದಶಕದ ಯುದ್ಧದಾಟದ ಗೊಂಬೆಗಳವರೆಗೆ ಬಹುಪಾಲು ಹಳೆಯ ಎರಕಗಳಲ್ಲಿ ಸೀಸವಿದೆ. ಬಣ್ಣ ಹಚ್ಚಿದ್ದೇವೆ, ವಾರ್ನಿಷ್ ಇದೆ ಎಂಬ ಧೈರ್ಯ ಬೇಡ. ಗೊಂಬೆ ನಿಂತ ಪೀಠದ (ಬೇಸ್‌ನ) ಅಡಿ, ಅಂಟು ಹಾಕಿದ ಸಂದು, ಕುಂಚ ತಲುಪದ ಕಂಕುಳು, ಇಲ್ಲೆಲ್ಲ ಲೋಹ ಬರಿದಾಗಿಯೇ ಇರುತ್ತದೆ.

ಹಿಟ್ಟು ಕಂಡರೆ ಊದಬೇಡಿ, ಒಣ ಬ್ರಷ್‌ನಿಂದ ಗುಡಿಸಬೇಡಿ, ಮರಳುಕಾಗದದಿಂದ ಉಜ್ಜಬೇಡಿ. ಗಟ್ಟಿ ಲೋಹಕ್ಕಿಂತ ಈ ಪುಡಿ ದೇಹಕ್ಕೆ ಸೇರುವುದು ಬಹಳ ಸುಲಭ, ಮಕ್ಕಳಿರುವ ಮನೆಯಲ್ಲಂತೂ ಇದು ಆಟದ ಮಾತಲ್ಲ. ಕೈಗವಸು ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಮತ್ತೆ ಬಳಸದೆ ಚೀಲದಲ್ಲಿ ಕಟ್ಟಿಡಿ. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಚಾಳಿ ನಮ್ಮಲ್ಲಿ ಹಲವರಿಗಿದೆ. ಇಂಥ ಗೊಂಬೆಯ ಮೇಲೆ ಕೆಲಸ ಮಾಡುವಾಗ ಅದು ಕೂಡದು. ವಿನೆಗರ್‌ನಲ್ಲಿ ತೊಳೆದರೆ ಬಿಳಿ ಹೋಗುತ್ತದೆ ಎಂದು ಹೇಳುವವರಿದ್ದಾರೆ. ಹೋಗುವುದು ನಿಜ, ಆದರೆ ರೋಗಕ್ಕೆ ಕಾರಣವಾದ ಆಮ್ಲವನ್ನೇ ಸಂದುಗೊಂದುಗಳಿಗೆ ಕುಡಿಸಿದಂತಾಗುತ್ತದೆ.

ಪೀಡಿತ ಗೊಂಬೆಗಳನ್ನು ಕೂಡಲೇ ಬೇರ್ಪಡಿಸಿ, ಉಳಿದವನ್ನು ಗಾಜು ಮತ್ತು ಲೋಹದ ಕಪಾಟಿಗೆ, ಸ್ವಲ್ಪ ಗಾಳಿಯಾಡುವಂತೆ, ವರ್ಗಾಯಿಸಿ. ಒಳಗೆ ಸಿಲಿಕಾ ಜೆಲ್ ಇಟ್ಟರೆ ತೇವ ತಗ್ಗುತ್ತದೆ, ಸಕ್ರಿಯ ಇದ್ದಿಲು ಆಮ್ಲದ ಆವಿಯನ್ನು ಹೀರುತ್ತದೆ. ಆದರೆ ಮರದ ಕಪಾಟನ್ನೇ ಉಳಿಸಿಕೊಳ್ಳಲು ಇವು ನೆಪವಾಗಬಾರದು. ಮರಕ್ಕೆ ಮೆರುಗೆಣ್ಣೆ ಬಳಿದುಕೊಡುತ್ತೇನೆ, ಎಲ್ಲ ಸರಿಹೋಗುತ್ತದೆ ಎಂದು ಕಪಾಟು ಮಾಡಿಕೊಟ್ಟವರು ಮುಂದೆ ಬಂದಿದ್ದರು. ಮೆರುಗೆಣ್ಣೆಯೂ ಒಣಗುವಾಗ ಆವಿ ಬಿಡುವಂಥದ್ದೇ ಆದ್ದರಿಂದ ನಾನು ಒಪ್ಪಲಿಲ್ಲ. ಹಣ ಮರಳಿ ಬರಲೂ ಇಲ್ಲ. ಈಗ ಅದರಲ್ಲಿ ಪ್ಲಾಸ್ಟಿಕ್ ಗೊಂಬೆಗಳಿವೆ.

ಹಳೆಯ ಲೋಹದ ಗೊಂಬೆಗಳನ್ನು ಕೊಳ್ಳುವವರು ಮುಂಭಾಗದ ಚಿತ್ರವಷ್ಟನ್ನೇ ನೋಡಿ ಒಪ್ಪದೆ, ಬೇಸ್‌ನ ಅಡಿಭಾಗದ ಚಿತ್ರವನ್ನೂ ಕೇಳಿ ಪಡೆಯಿರಿ, ಅವನ್ನು ಈವರೆಗೆ ಎಂಥ ಪೆಟ್ಟಿಗೆಯಲ್ಲಿ ಇಟ್ಟಿದ್ದರೆಂದು ವಿಚಾರಿಸಿ, ಮನೆಗೆ ಬಂದ ಮೇಲೆ ಕೆಲವು ತಿಂಗಳಾದರೂ ನಿಮ್ಮ ಸಂಗ್ರಹದಿಂದ ದೂರವಿಟ್ಟು ಗಮನಿಸಿ.